ಅತ್ತಿಗುಂಡಿಯ ಬೋರ್ಡು

ಊರಿನ ಹೆಸರಿಗೆ ಅರ್ಥ ಹೇಳಹೊರಟವರು ಮೊದಲು ತಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಗೋದಾವರಿ ನೋಡಿಕೊಳ್ಳಲಿಲ್ಲ. ಅವಳ ಮನೆಯಲ್ಲಿದ್ದವರು ಮೂರೇ ಜನ. ಅವಳು, ಗಂಡ ವೈಕುಂಠ ಐತಾಳ, ಮತ್ತೆ ಎಂಬತ್ತಮೂರು ವರ್ಷದ ಅತ್ತೆ ಜಲಜಾಕ್ಷಮ್ಮ. ಈ ಮೂರನೆಯವರಿಗೆ ಗೋದಾವರಿ ಮೂವತ್ತೊಂದು ವರ್ಷಗಳಿಂದ ಹೆದರುತ್ತ ಬಂದಿದ್ದಳು. ಜಲಜಾಕ್ಷಮ್ಮ ಬೈಯುವವರಲ್ಲ, ಬೈದಿದ್ದರೆ ಇಷ್ಟರಲ್ಲಿ ಅಭ್ಯಾಸವಾಗಿ ಹೋಗುತ್ತಿತ್ತು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಸುಮ್ಮನೆ ನೋಡುವವರು. ಆ ನೋಟ ಬಿದ್ದರೆ ಉಕ್ಕುತ್ತಿರುವ ಹಾಲೂ ಕೆಳಗಿಳಿಯುತ್ತದೆ ಎಂದು ಗೋದಾವರಿ ನಂಬಿದ್ದಳು.

ಅವರ ಊರು ತೆಕ್ಕಟ್ಟೆಗೂ ಕುಂಭಾಶಿಗೂ ನಡುವೆ, ಹೆದ್ದಾರಿಯಿಂದ ಒಂದು ಮೈಲಿ ಒಳಗೆ. ನಲವತ್ತು ಮನೆ, ಒಂದು ಹಾಲಿನ ಡೈರಿ, ಒಂದು ಬಸ್‌ಸ್ಟ್ಯಾಂಡು. ಹೆಸರು ಅತ್ತಿಗುಂಡಿ. ಹಿಂದೆ ಅಲ್ಲೊಂದು ದೊಡ್ಡ ಅತ್ತಿಮರ ಇತ್ತಂತೆ, ಈಗ ಇಲ್ಲ. ಗುಂಡಿಯನ್ನೂ ಮುಚ್ಚಿ ಬಸ್‌ಸ್ಟ್ಯಾಂಡು ಕಟ್ಟಿದ್ದಾರೆ. ಹೆಸರು ಮಾತ್ರ ಉಳಿದಿದೆ.

ಕಳೆದ ವರ್ಷ ಮಹಿಳಾ ಮಂಡಲದವರು ‘ನಮ್ಮ ಸುತ್ತಿನ ಊರ ಹೆಸರುಗಳು’ ಎಂದು ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ಗೋದಾವರಿಗೆ ಎರಡನೇ ಬಹುಮಾನ ಬಂತು. ಬರೆದವರು ಇಬ್ಬರೇ ಎಂಬುದನ್ನು ಇಲ್ಲಿ ಹೇಳದೆ ಇದ್ದರೂ ನಡೆಯುತ್ತಿತ್ತು. ಕುದ್ರು ಎಂದರೆ ಹೊಳೆಯ ನಡುವಿನ ನೆಲ, ಕೊಡಿ ಎಂದರೆ ತುದಿ, ಹಾಡಿ ಎಂದರೆ ಮರಗಳು ಒತ್ತಾಗಿ ಬೆಳೆದ ಜಾಗ, ಬೆಟ್ಟು ಎಂದರೆ ಬೆಟ್ಟವಲ್ಲ, ನೀರು ನಿಲ್ಲದ ಎತ್ತರದ ಗದ್ದೆ ಎಂದು ಅವಳು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಆಮೇಲೆ. ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೊರಟರೆ ದಾರಿಯುದ್ದ ಬರುವ ಬೋರ್ಡುಗಳಿಗೆಲ್ಲ ಪಕ್ಕದ ಸೀಟಿನವರಿಗೆ ಅರ್ಥ ಹೇಳುವುದು ಅವಳಿಗೆ ಚಾಳಿಯಾಯಿತು. ಇವಳು ಹತ್ತಿದೊಡನೆ ಪರಿಚಯದವರು ನಿದ್ದೆ ಹೋಗತೊಡಗಿದರು.

ಹೀಗಿರುವಾಗ ಪಂಚಾಯಿತಿಯವರು ಪ್ರತಿ ಊರಿನಲ್ಲೂ ಹೆಸರಿನ ಹಿನ್ನೆಲೆ ಬರೆದ ಬೋರ್ಡು ಹಾಕುವುದೆಂದು ತೀರ್ಮಾನಿಸಿದರು. ಮಾಹಿತಿ ಸಂಗ್ರಹಿಸುವ ಕೆಲಸ ಕಚೇರಿಯ ಗುಮಾಸ್ತ ಜಿತೇಂದ್ರನ ಪಾಲಿಗೆ ಬಂತು. ಜಿತೇಂದ್ರ ಹಾವೇರಿ ಕಡೆಯವನು. ಘಟ್ಟ ಇಳಿದು ಐದು ತಿಂಗಳಾಗಿತ್ತು. ಕುಂದಾಪ್ರ ಕನ್ನಡ ತನಗೆ ಪೂರ್ತಿ ಅರ್ಥವಾಗುತ್ತದೆ ಎಂಬ ಧೈರ್ಯ ಅವನಿಗಿತ್ತು. ಆ ಧೈರ್ಯದಲ್ಲೇ ಅವನು ಪಕ್ಕದ ನೇರಳೆಹಾಡಿಗೆ ‘ಇಲ್ಲಿನ ಜನ ನೇರಳೆಹಣ್ಣು ತಿಂದು ಹಾಡುತ್ತಿದ್ದುದರಿಂದ ಈ ಹೆಸರು’ ಎಂದು ಬರೆಸಿ ಮುಗಿಸಿದ್ದ.

ಅವನು ಫೋನು ಮಾಡಿದಾಗ ಗೋದಾವರಿ ಬೆಂಡೆಕಾಯಿ ಹೆಚ್ಚುತ್ತಿದ್ದಳು.

“ಮೇಡಮ್ಮಾರ, ಊರ ಹೆಸರಿನ ಬಗ್ಗೆ ನಿಮಗ ಭಾಳ ಗೊತ್ತೈತಂತ. ಅತ್ತಿಗುಂಡಿ ಅಂದ್ರ ಏನ್ರಿ?”

ಗೋದಾವರಿ ಕತ್ತಿ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿ ಕುಳಿತಳು. “ಬರ್ಕಣಿ. ಮುಂಚೆ ಇಲ್ಲೊಂದ್ ಹಳೀ ಅತ್ತಿ ಇದ್ದಿತ್ತ್.”

“ಅತ್ತಿ. ಹೂಂ. ವಯಸ್ಸು?”

“ನೂರ್ ವರ್ಷದ ಮೇಲ್ ಆಯಿತ್ತ್. ಕಾಂಬುಕ್ ಗಟ್ಟಿ, ಒಳ್ಗೆಲ್ಲ ಟೊಳ್ಳ್.”

“ಪಾಪ. ಆಮ್ಯಾಲೆ?”

“ಆಮೇಲ್ ಎಂತ, ಹೋಪು ಬಪ್ಪು ದಾರಿಗ್ ಅಡ್ಡ ಆತ್ತ್ ಅಂದೇಳಿ ಎಲ್ಲರೂ ಸೇರಿ ಕಡ್ದ್ ಗುಂಡಿಗ್ ಹಾಕ್ರ್.”

“ಕಡದು... ಯಾರೂ ಏನೂ ಅನ್ನಲಿಲ್ಲೇನ್ರಿ?”

“ಆಗಿನ್ ಕಾಲ ಮರ್ರೆ. ಯಾರ್ ಕೇಂತ್ರ್?”

ಇಲ್ಲಿ ಜಿತೇಂದ್ರನನ್ನು ಪೂರ್ತಿ ದೂರುವಂತಿಲ್ಲ. ಗೋದಾವರಿಯ ಬಾಯಲ್ಲಿ ಅತ್ತಿಮರವೂ ಅತ್ತಿ, ಗಂಡನ ತಾಯಿಯೂ ಅತ್ತಿ. ಹಾವೇರಿ ಕಡೆಯೂ ಅತ್ತೆಗೆ ಅತ್ತಿ ಎಂದೇ ಅನ್ನುವುದು. ಮರವನ್ನು ‘ಇದ್ದಿತ್ತು’ ಎನ್ನುವ ಹಾಗೆ ಮನೆಯ ಹೆಂಗಸರನ್ನೂ ‘ಇದ್ದಿತ್ತು, ಬಂತು, ಹೋಯಿತು’ ಎಂದೇ ಹೇಳುವ ಸೀಮೆ ನಮ್ಮದು. ಕ್ರಿಯಾಪದ ನೋಡಿ ಮರ ಯಾವುದು, ಹೆಂಗಸು ಯಾರು ಎಂದು ತಿಳಿಯುವ ಅನುಕೂಲವನ್ನು ಹಿಂದಿನವರು ಇಟ್ಟಿಲ್ಲ. ಅದಲ್ಲದೆ ಜಿತೇಂದ್ರನಿಗೆ ಮದುವೆಯಾಗಿ ಎಂಟು ತಿಂಗಳು. ಹೆಂಡತಿಯ ತಾಯಿ ಬಂದವರು ಇನ್ನೂ ಹಿಂದಿರುಗಿರಲಿಲ್ಲ. ಅತ್ತಿ ಎಂದೊಡನೆ ಅವನಿಗೆ ಹಣ್ಣು ಬಿಡುವ ಮರ ನೆನಪಾಗುವುದು ಹೇಗೆ?

ಸೋಮವಾರ ಬೆಳಿಗ್ಗೆ ಗೋದಾವರಿ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಾಗ ಬಸ್‌ಸ್ಟ್ಯಾಂಡಿನ ಪಕ್ಕ ಹೊಸ ಬೋರ್ಡು ನಿಂತಿತ್ತು. ನೀಲಿ ಬಣ್ಣ, ಬಿಳಿ ಅಕ್ಷರ. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಕೊನೆಯ ಸಾಲಿನ ತನ್ನ ಹೆಸರು. ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ಆಮೇಲೆ ಮೇಲಿನಿಂದ ಓದಿದಳು.

‘ಅತ್ತೆಗುಂಡಿ. ಹಿಂದೆ ಇಲ್ಲಿ ನೂರು ವರ್ಷ ದಾಟಿದ, ನೋಡಲು ಗಟ್ಟಿಯಾಗಿದ್ದರೂ ಒಳಗೆ ಟೊಳ್ಳಾದ ಒಬ್ಬ ಹಳೆಯ ಅತ್ತೆ ಇದ್ದರು. ದಾರಿಗೆ ಅಡ್ಡವಾಗಿದ್ದ ಅವರನ್ನು ಎಲ್ಲರೂ ಸೇರಿ ಕಡಿದು ಗುಂಡಿಗೆ ಹಾಕಿದ್ದರಿಂದ ಈ ಹೆಸರು ಬಂದಿದೆ. ಮಾಹಿತಿ: ಶ್ರೀಮತಿ ಗೋದಾವರಿ ವಿ. ಐತಾಳ.’

ಕ್ಯಾನು ಕೈಯಿಂದ ಜಾರಿತು. ಡಾಂಬರಿನ ಮೇಲೆ ಹಾಲು ಹರಿದದ್ದು ಅವಳಿಗೆ ತಿಳಿಯಲೇ ಇಲ್ಲ. ಅವಳು ತಿರುಗಿ ನೋಡಿದ್ದು ಮನೆಯ ಕಡೆಗೆ. ಆಮೇಲೆ ನೆನಪಾಯಿತು: ಅತ್ತೆ ಮನೆಯಲ್ಲಿಲ್ಲ. ಹದಿನೈದು ದಿನಕ್ಕೆಂದು ಉಪ್ಪುಂದಕ್ಕೆ, ಮಗಳು ಪ್ರಫುಲ್ಲಾಳ ಮನೆಗೆ ಹೋಗಿದ್ದಾರೆ. ಇನ್ನೂ ಎಂಟು ದಿನ ಇದೆ. ಎಂಟು ದಿನದಲ್ಲಿ ಈ ಬೋರ್ಡು ಇಲ್ಲಿ ಇರಬಾರದು. ಅವರ ಕಣ್ಣಿಗೆ ಇದು ಬಿದ್ದರೆ, ಕನ್ನಡಕ ಮೂಗಿನ ತುದಿಗೆ ಇಳಿದರೆ, ಆಮೇಲೆ ಆ ಮನೆಯೊಳಗೆ ತಾನು ಯಾವ ಬಾಗಿಲಿನಿಂದ ಹೋಗುವುದು?

“ಹ್ವಾಯ್ ಗೋದಾವರಮ್ಮಾ,” ಎಂದು ಹಿಂದಿನಿಂದ ಕೂಗು ಬಂತು. ಪಕ್ಕದ ಮನೆಯ ಸರೋಜ. ಕೈಯಲ್ಲಿ ಶೇಂಗಾ ಬುಟ್ಟಿ, ಕಣ್ಣು ಬೋರ್ಡಿನ ಮೇಲೆ. “ನಿಮ್ಮ ಅತ್ತಿ ಸುಮಾರ್ ದಿವ್ಸ ಆಯ್ತ್, ಕಾಂಬುಕೇ ಇಲ್ಲೆ ಅಲ್ದಾ?”

“ಉಪ್ಪುಂದಕ್ಕ್ ಹೋಯಿದ್ರ್.”

“ಹೌದಾ,” ಎಂದಳು ಸರೋಜ. “ಹಾಂಗಾರೆ ನಿಮ್ಮ ತೋಟದಗೆ ಮೊನ್ನೆ ಗುಂಡಿ ತೋಡಿದ್ದ್ ಎಂತಕೆ?”

“ತೆಂಗಿನ ಸಸಿಗ್ ಮಾರಾಯ್ತಿ!”

“ನಾನ್ ಎಂತ ಹೇಳ್ದೆ ಈಗ?” ಎಂದು ಸರೋಜ ಬುಟ್ಟಿ ಕೆಳಗಿಟ್ಟು, ಮೊಬೈಲು ತೆಗೆದು, ಬೋರ್ಡಿನ ಫೋಟೋ ಹೊಡೆದಳು. ಗೋದಾವರಿಯೂ ಅದರಲ್ಲಿ ಬಂದಳು, ಬಾಯಿ ತೆರೆದುಕೊಂಡು.

ಮಧ್ಯಾಹ್ನದೊಳಗೆ ಆ ಫೋಟೋ ಮೂರು ಸಂಘ, ಎರಡು ಭಜನಾ ಮಂಡಳಿ ದಾಟಿ ಬ್ರಹ್ಮಾವರ ಮುಟ್ಟಿತು. ಅಲ್ಲಿಂದ ವೈಕುಂಠನ ಚಿಕ್ಕಪ್ಪನ ಮಗ ರಾಜೇಂದ್ರ ಫೋನು ಮಾಡಿದ. ಅವನ ದನಿಯಲ್ಲಿ ಯಾವತ್ತೂ ಇಲ್ಲದ ಮರ್ಯಾದೆ ಇತ್ತು.

“ಅತ್ಗಿ, ದೊಡ್ಡಮ್ಮನ ಹತ್ರ ಎರಡ್ ಮಾತಾಡ್ಕಿತ್ತ್. ಫೋನ್ ಕೊಡ್ತ್ರಾ?”

“ಅವ್ರ್ ಇಲ್ಲ್ ಇಲ್ಲೆ.”

“ಇಲ್ಲ್ಯಾ? ಎಲ್ಲಿದ್ರ್?”

“ಉಪ್ಪುಂದದಗೆ.”

“ಯಾರ್ ಹೇಳದ್ದ್?”

“ಯಾರ್ ಹೇಳುದ್ ಎಂತ, ನಾನೇ ಹೇಳ್ತಾ ಇದ್ದೆ ಅಲ್ದಾ?”

“ಬೋರ್ಡಿಗೂ ನೀವೇ ಹೇಳದ್ದ್ ಅಲ್ದಾ ಅತ್ಗಿ,” ಎಂದ ರಾಜೇಂದ್ರ, ಬಹಳ ಮೆತ್ತಗೆ.

ಉಪ್ಪುಂದಕ್ಕೆ ಫೋನು ಹಚ್ಚಿ ಅತ್ತೆಯ ದನಿ ಕೇಳಿಸಿಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆದರೆ ಫೋನು ಹಚ್ಚಿದರೆ ಯಾಕೆಂದು ಅತ್ತೆ ಕೇಳುತ್ತಾರೆ. ನೀವು ಬದುಕಿದ್ದೀರೆಂದು ತೋರಿಸಲಿಕ್ಕೆ ಎಂದು ಹೇಳುವುದು ಹೇಗೆ? ಅತ್ತೆ ಇದ್ದಾರೆಂದು ತೋರಿಸಿದರೆ ಬೋರ್ಡಿನ ಸುದ್ದಿ ಅತ್ತೆಗೆ ಹೋಗುತ್ತದೆ. ಸುದ್ದಿ ಮುಚ್ಚಿದರೆ ಅತ್ತೆ ಇಲ್ಲವೆಂದು ಊರಿಗೆ ಖಾತ್ರಿಯಾಗುತ್ತದೆ. ಗೋದಾವರಿ ರಾಜೇಂದ್ರನಿಗೆ, “ಮತ್ತ್ ಮಾತಾಡ್ವ,” ಎಂದು ಫೋನು ಇಟ್ಟಳು. ಆ ಕಡೆ ರಾಜೇಂದ್ರ ಅದನ್ನು ತಪ್ಪೊಪ್ಪಿಗೆಗೆ ಹತ್ತಿರದ ಮಾತೆಂದು ಮನೆಯವರಿಗೆಲ್ಲ ವಿವರಿಸಿದ.

ಸಂಜೆ ದೇವಸ್ಥಾನದ ಕೆಲಸ ಮುಗಿಸಿ ಬಂದ ವೈಕುಂಠನಿಗೆ ಅವಳು ನಡೆದದ್ದನ್ನೆಲ್ಲ ಹೇಳಿ ಅತ್ತಳು. ವೈಕುಂಠ ಬೋರ್ಡಿನ ತನಕ ಹೋಗಿ ನೋಡಿ ಬಂದ.

“ಅಕ್ಷರ ಚಂದ ಬರ್ದಿದ್ರ್,” ಎಂದ.

“ಅಮ್ಮ ಕಂಡ್ರ್ ಅಂದ್ರೆ?”

ವೈಕುಂಠ ಯೋಚಿಸಿದ. ಯೋಚಿಸಿದಂತೆ ಅವನ ಮುಖವೂ ಬಿಳಿಚಿತು. “ನಾನ್ ಒಂದ್ ವಾರ ದೇವಸ್ಥಾನದಗೇ ಉಳ್ಕಂತೆ,” ಎಂದ.

ಮಂಗಳವಾರ ಗೋದಾವರಿ ಪಂಚಾಯಿತಿ ಕಚೇರಿಗೆ ಹೋದಳು. ಜಿತೇಂದ್ರ ಎದ್ದು ನಿಂತು ಕುರ್ಚಿ ಕೊಟ್ಟ. ಅವನ ನಡವಳಿಕೆಯಲ್ಲಿ ಗೌರವದ ಜೊತೆಗೆ ಒಂದು ಅಂತರವೂ ಇತ್ತು. ಮೇಜಿನ ಮೇಲಿದ್ದ ಕತ್ತರಿಯನ್ನು ಅವನು ಡ್ರಾಯರಿಗೆ ಸೇರಿಸಿದ.

“ಅದ್ ಅತ್ತೆ ಅಲ್ಲ, ಅತ್ತಿ!” ಎಂದಳು ಗೋದಾವರಿ.

“ಎರಡೂ ಒಂದ ಅಲ್ರಿ ಮೇಡಮ್ಮಾರ. ಬೋರ್ಡಿನಾಗ ಗ್ರಂಥದ ಭಾಷೆ ಇರಬೇಕಂತ ತಿದ್ದೀನ್ರಿ.”

“ಒಂದಲ್ಲ! ಅತ್ತಿ ಅಂದ್ರೆ ಮರ. ಅತ್ತಿ ಹಣ್ಣ್ ಆತ್ತಲೆ, ಆ ಮರ!”

ಜಿತೇಂದ್ರನ ಮುಖದಲ್ಲಿ ಬೆಳಕು ಮೂಡಿದ್ದು ಕಾಣಿಸಿತು. ಜೊತೆಯಲ್ಲೇ ಭಯವೂ. ಬೋರ್ಡು ಬರೆಸಿ, ಮೇಲಿನವರ ಸಹಿ ಹಾಕಿಸಿಯಾಗಿತ್ತು. ಅವನು ಕಚೇರಿಯ ದನಿಗೆ ಬದಲಾದ. “ತಿದ್ದುಪಡಿಗೆ ಅರ್ಜಿ ಕೊಡ್ರಿ. ಮುಂದಿನ ತಿಂಗಳ ಸಭೆಯೊಳಗ ಇಡ್ತೀನಿ. ಮರ ಇತ್ತು ಅನ್ನಲಿಕ್ಕ ಏನರ ಆಧಾರ ಬೇಕ್ರಿ. ಮರ ತೋರಸ್ತೀರೇನು?”

“ಮರ ಕಡ್ದ್ ಗುಂಡಿಗ್ ಹಾಕಿ ಆಯಿತ್ತಲೆ!”

“ಗುಂಡಿ ತೋರಸ್ರಿ.”

“ಗುಂಡಿ ಮುಚ್ಚಿ ಬಸ್‌ಸ್ಟ್ಯಾಂಡ್ ಕಟ್ಟಿದ್ರ್!”

“ಮತ್ತ ಹೆಂಗ್ರಿ ಮೇಡಮ್ಮಾರ,” ಎಂದ ಜಿತೇಂದ್ರ ಕಳಕಳಿಯಿಂದ. “ಎಲ್ಲಾ ಸಾಕ್ಷಿ ಊರವರೇ ಮುಚ್ಚಿ ಹಾಕ್ಯಾರ.”

ಮುಂದಿನ ತಿಂಗಳು ಎಂಬ ಮಾತು ಕೇಳಿದ ಮೇಲೆ ಗೋದಾವರಿ ಅಲ್ಲಿ ಕೂರಲಿಲ್ಲ. ಮನೆಗೆ ಬಂದು, ಊರು ಉಂಡು ಮಲಗುವ ನಡುಮಧ್ಯಾಹ್ನದ ಹೊತ್ತಿಗೆ ಕಾದು, ಪೆಟ್ಟಿಗೆಯಿಂದ ತನ್ನದೊಂದು ಹಸಿರು ಹಳೆ ಸೀರೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಬೋರ್ಡಿಗೆ ನಾಲ್ಕು ಸುತ್ತು ಸುತ್ತಿ, ಹಿಂದುಗಡೆ ಮೂರು ಗಂಟು ಹಾಕಿದಳು. ದೂರದಲ್ಲಿ ನಾಯಿಯೊಂದು ಬೊಗಳಿದ್ದಕ್ಕೆ ಅವಳು ಬೋರ್ಡಿನ ಕಂಬ ತಬ್ಬಿಕೊಂಡು ಅಲ್ಲೇ ಕೂತುಬಿಟ್ಟಳು. ಎದ್ದು ಬರುವಾಗ ಮಾತ್ರ ಸ್ವಲ್ಪ ಸಮಾಧಾನವಾಗಿತ್ತು. ಓದಲಾಗದ ಬೋರ್ಡು ಯಾರಿಗೆ ಏನು ಮಾಡೀತು?

ಆದರೆ ನಮ್ಮ ದೇಶದಲ್ಲಿ ಮುಚ್ಚಿಟ್ಟ ಬೋರ್ಡಿಗೆ ಒಂದೇ ಅರ್ಥ. ಬುಧವಾರ ಬೆಳಿಗ್ಗೆ ಪಂಚಾಯಿತಿ ಉಪಾಧ್ಯಕ್ಷ ಪ್ರೇಮಾನಂದ ಬೈಕಿನಲ್ಲಿ ಆ ದಾರಿಯಾಗಿ ಹೋದವನು ಬ್ರೇಕು ಹಾಕಿದ. ಹಸಿರು ಬಟ್ಟೆ, ಅಚ್ಚುಕಟ್ಟಾದ ಹೊದಿಕೆ. ಅನಾವರಣಕ್ಕೆ ಇಷ್ಟೆಲ್ಲ ಸಿದ್ಧವಾಗಿದೆ, ತನಗೆ ಮಾತ್ರ ಹೇಳಿಲ್ಲ! ಇದು ಅಧ್ಯಕ್ಷರ ಕಡೆಯವರ ಕೆಲಸವೇ ಸರಿ. ಅವರು ಮಾಡುವ ಮೊದಲು ತಾನು ಮಾಡಿ ಮುಗಿಸಬೇಕೆಂದು ಅಲ್ಲಿಯೇ ನಿಂತು ನಿಶ್ಚಯಿಸಿದ. ಭಾನುವಾರ ಹತ್ತೂವರೆಗೆ ಮುಹೂರ್ತ. ಮೈಕು, ನಾಲ್ಕು ಕಂಬದ ಶಾಮಿಯಾನ, ಲಡ್ಡು. ಬಟ್ಟೆ ಎಳೆಯಲು ವಾರ್ಡಿನ ಅತಿ ಹಿರಿಯರೊಬ್ಬರು ಇದ್ದರೆ ಪೇಪರಿನವರಿಗೂ ಚಂದ. ಅತಿ ಹಿರಿಯರು ಯಾರು?

ಮಧ್ಯಾಹ್ನ ಗೋದಾವರಿಯ ಫೋನು ಬಡಿದುಕೊಂಡಿತು. ಉಪ್ಪುಂದದಿಂದ.

“ಗೋದಾವರಿಯಾ?” ಜಲಜಾಕ್ಷಮ್ಮನ ದನಿ. “ನಾನ್ ಆಯ್ತವಾರ ಬೆಳ್ಗ್ಗೆ ಬತ್ತೆ. ಬಸ್‌ಸ್ಟ್ಯಾಂಡ್ ಹತ್ರ ಎಂತದೋ ಬೋರ್ಡ್ ಅಂಬ್ರ್. ಅದ್ರ ಬಟ್ಟೆ ನಾನೇ ತೆಗಿಕ್ ಅಂದೇಳಿ ಪ್ರೇಮಾನಂದ ಫೋನ್ ಮಾಡಿದ್ದ. ನನ್ನ ನೀಲಿ ರೇಷ್ಮಿ ಸೀರಿ ಬಿಸ್ಲಿಗ್ ಹಾಕ್.”

ಗೋದಾವರಿ ಹೂಂ ಎಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಒಲೆಯ ಮೇಲಿದ್ದ ಸಾಂಬಾರು ತಳಹಿಡಿದು, ಹೊಗೆ ಹಿತ್ತಿಲು ದಾಟಿ, ಸರೋಜ ಬಂದು ಗ್ಯಾಸು ಆರಿಸುವ ತನಕ ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು.

ಆ ನಾಲ್ಕು ದಿನ ಅವಳು ಉಂಡದ್ದು ಅಷ್ಟಕ್ಕಷ್ಟೆ. ಬೋರ್ಡು ಕಿತ್ತು ಹಾಕೋಣವೆಂದರೆ ಕಂಬಕ್ಕೆ ಕಾಂಕ್ರೀಟು. ಸಗಣಿ ಬಳಿಯೋಣವೆಂದರೆ ಪ್ರೇಮಾನಂದ ಅಲ್ಲಿ ಹೂವಿನ ಹಾರ ಹಾಕಿಸಿ, ಡೈರಿಯವನನ್ನು ಕಾಯಲು ಬಿಟ್ಟಿದ್ದ. ಶನಿವಾರ ಕಡೆಗೂ ಒಂದು ಉಪಾಯ ಹೊಳೆದು ತೆಕ್ಕಟ್ಟೆಯ ಪೇಂಟರು ನಿತೇಶನಿಗೆ ಫೋನು ಮಾಡಿದಳು. ಬೋರ್ಡು ಬರೆದವನೂ ಅವನೇ.

“ಸೀರಿಯ ಅಡಿಗೆ ಕೈ ಹಾಕಿ ತಿದ್ದುಕ್ ಆತ್ತಾ ನಿತೇಶ? ಅತ್ತೆ ಅಂದೇಳಿ ಇದ್ದದ್ದ್ ಅತ್ತಿ ಮಾಡ್. ಮತ್ತೆ ‘ಮರ’ ಅಂದೇಳಿ ಸೇರ್ಸ್.”

“ಮರ ಎಲ್ಲಿಗ್ ಸೇರ್ಸುದ್ ಅಮ್ಮ? ಒಳ್ಗ್ ಒಂದ್ ಅಕ್ಷರಕ್ಕೂ ಜಾಗ ಇಲ್ಲೆ.”

“ಜಾಗ ಇದ್ದಲ್ಲ್ ಸೇರ್ಸ್ ಮಾರಾಯ! ಒಟ್ಟ್ ಮರ ಅಂದೇಳಿ ಇದ್ರೆ ಸೈ!”

ಹೆದರಿಕೆಯಲ್ಲಿ ಮನುಷ್ಯರು ಕೊಡುವ ಅಪ್ಪಣೆಗಳನ್ನು ಯಥಾವತ್ತಾಗಿ ನಡೆಸುವವರು ಕಡಿಮೆ. ನಿತೇಶ ಅಂಥವರಲ್ಲಿ ಒಬ್ಬ. ಸಂಜೆ ಬಂದು, ಡೈರಿಯವನಿಗೆ ‘ಟಚಪ್ಪು’ ಎಂದು ಹೇಳಿ, ಸೀರೆ ಸರಿಸಿ ಹತ್ತು ನಿಮಿಷ ಕೆಲಸ ಮಾಡಿ, ಮತ್ತೆ ಗಂಟು ಹಾಕಿ ಹೋದ. “ಎಲ್ಲ ಆಯ್ತ್ ಅಮ್ಮ, ಹೆದ್ರಬೇಡಿ,” ಎಂದು ಫೋನಿನಲ್ಲಿ ಹೇಳಿದ. ಆ ರಾತ್ರಿ ಗೋದಾವರಿಗೆ ಸ್ವಲ್ಪ ನಿದ್ದೆ ಬಂತು.

ಭಾನುವಾರ ಎಂಟೂವರೆಗೆ ಪ್ರಫುಲ್ಲಾಳ ಕಾರು ಅಂಗಳಕ್ಕೆ ಬಂತು. ಜಲಜಾಕ್ಷಮ್ಮ ಇಳಿದರು. ಬೇಲಿಯಾಚೆ ಸರೋಜ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ, ನಿರಾಶೆಯೋ ಸಂತೋಷವೋ ತಿಳಿಯದ ಉಸಿರು ಬಿಟ್ಟಳು. ಗೋದಾವರಿ ಕಾಫಿ ತಂದು ಕೊಟ್ಟಳು. ಲೋಟ ತಟ್ಟೆಯಲ್ಲಿ ಗಿಲಗಿಲ ಎಂದಿತು.

“ಎಂತ ಹೆಣೆ, ಜ್ವರ ಬಂದಿತ್ತಾ?”

“ಇಲ್ಲೆ ಅತ್ತಿ.”

ಕನ್ನಡಕ ಇಳಿಯಿತು. ಜಲಜಾಕ್ಷಮ್ಮ ಅವಳನ್ನು ಒಂದು ಗಳಿಗೆ ನೋಡಿ ಕಾಫಿ ಕುಡಿದರು.

ಹತ್ತೂವರೆಗೆ ಶಾಮಿಯಾನದಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು. ಒಂದು ಬೋರ್ಡಿಗೆ ಇಷ್ಟು ಜನ ಸೇರಿದ್ದು ಕಂಡು ಪ್ರೇಮಾನಂದನಿಗೆ ತನ್ನ ಜನಪ್ರಿಯತೆಯ ಬಗ್ಗೆ ಹೊಸ ನಂಬಿಕೆ ಬಂತು. ರಾಜೇಂದ್ರ ಬ್ರಹ್ಮಾವರದಿಂದ ಹೆಂಡತಿ ಸಮೇತ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ದೊಡ್ಡಮ್ಮನನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದ, ಕಾಲು ಬೆಚ್ಚಗಿದೆಯೆಂದು ಹೆಂಡತಿಗೆ ಸನ್ನೆ ಮಾಡಿದ. ಜಿತೇಂದ್ರ ಫೈಲು ಎದೆಗವಚಿ ಹಿಂದೆ ನಿಂತಿದ್ದ. ವೈಕುಂಠ ದೇವಸ್ಥಾನದಲ್ಲಿ ಕೆಲಸವಿದೆ ಎಂದು ಹೇಳಿ ಕಳಿಸಿದ್ದ.

“ನಮ್ಮ ಊರಿನ ಹೆಸರಿನ ಹಿಂದೆ ಎಂತೆಂಥ ಇತಿಹಾಸ ಇದೆ!” ಎಂದು ಪ್ರೇಮಾನಂದ ಮೈಕಿನಲ್ಲಿ ಶುರುಮಾಡಿದ. ಬೋರ್ಡನ್ನು ಅವನು ಓದಿರಲಿಲ್ಲ. “ಈ ಇತಿಹಾಸವನ್ನು ನಮ್ಮ ಗೋದಾವರಮ್ಮನವರು ಹುಡುಕಿ ಕೊಟ್ಟಿದ್ದಾರೆ. ಈ ಇತಿಹಾಸ ಮರುಕಳಿಸಲಿ ಎಂದು ಹಾರೈಸುತ್ತೇನೆ!”

ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು.

ಜಲಜಾಕ್ಷಮ್ಮ ಯಾರ ಕೈಯನ್ನೂ ಹಿಡಿಯದೆ ಬೋರ್ಡಿನ ಹತ್ತಿರ ಹೋದರು. ಮೂರು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಸೀರೆಯನ್ನು ಸುತ್ತು ಸುತ್ತಾಗಿ ತೆಗೆದು, ಮಡಚಿ, ಗೋದಾವರಿಯ ಕೈಗೆ ಕೊಟ್ಟರು. “ನಿನ್ನ ಹಸಿರ್ ಸೀರಿ ಅಲ್ದಾ ಇದ್?” ಪ್ರೇಮಾನಂದ ಓಡಿಬಂದು ಮೈಕು ಅವರ ಬಾಯಿಯ ಮುಂದೆ ಹಿಡಿದ. “ಓದಿ ಅಮ್ಮ, ಎಲ್ಲರಿಗೂ ಕೇಂಬು ಹಾಂಗೆ.”

ಗೋದಾವರಿ ಕಣ್ಣು ಎತ್ತಿದಳು. ಎತ್ತಬಾರದಿತ್ತು.

“ಅತ್ತಿಗುಂಡಿ,” ಎಂದು ಜಲಜಾಕ್ಷಮ್ಮನ ದನಿ ಇಡೀ ಊರಿಗೆ ಹರಡಿತು. “ಹಿಂದೆ ಇಲ್ಲಿ ನೂರು ವರ್ಷ ದಾಟಿದ, ನೋಡಲು ಗಟ್ಟಿಯಾಗಿದ್ದರೂ ಒಳಗೆ ಟೊಳ್ಳಾದ ಒಬ್ಬ ಹಳೆಯ ಅತ್ತಿ ಇದ್ದರು. ದಾರಿಗೆ ಅಡ್ಡವಾಗಿದ್ದ ಅವರನ್ನು ಎಲ್ಲರೂ ಸೇರಿ ಕಡಿದು ಗುಂಡಿಗೆ ಹಾಕಿದ್ದರಿಂದ ಈ ಹೆಸರು ಬಂದಿದೆ. ಮಾಹಿತಿ: ಶ್ರೀಮತಿ ಗೋದಾವರಿ ವಿ. ಐತಾಳ ಮರ.”

ಜಾಗ ಇದ್ದದ್ದು ಅಲ್ಲಿ ಮಾತ್ರ.

ಯಾರೂ ನಗಲಿಲ್ಲ. ಪ್ರೇಮಾನಂದನ ಕೈಯ ಮೈಕು ಮಾತ್ರ ಕೊಂಯ್ ಎಂದಿತು. ಗ್ರಂಥದ ‘ಅತ್ತೆ’ ಇದ್ದಾಗ ಅದು ಯಾವುದೋ ಕಾಲದ ಯಾರೋ ಅತ್ತೆಯಾಗಿತ್ತು. ಈಗ ತಿದ್ದಿದ ಮೇಲೆ, ಗೋದಾವರಿ ದಿನಕ್ಕೆ ಐವತ್ತು ಸಲ ಕರೆಯುವ ಅದೇ ‘ಅತ್ತಿ’ ಆಗಿತ್ತು. ಬೋರ್ಡಿನಲ್ಲಿ ಹೇಳಿದ ಹಾಗೆ ಅವಳು ಮರವಾಗಿಯೇ ನಿಂತಿದ್ದಳು.

ಜಲಜಾಕ್ಷಮ್ಮ ತಿರುಗಿದರು. ಕನ್ನಡಕ ಮೂಗಿನ ತುದಿಗೆ ಬಂತು.

“ಅತ್ತಿ, ನಾನ್ ಹೇಳದ್ದ್ ಮರ... ಮರದ್ದ್...” ಎಂದು ಗೋದಾವರಿ ತೊದಲಿದಳು. “ನಿಮ್ಮನ್ನ್ ಅಲ್ಲ... ನಿಮ್ಮನ್ನ್ ಯಾರೂ ಕಡಿಲಿಲ್ಲೆ...”

“ಅದ್ ನಂಗೂ ಗೊತ್ತಿತ್ತ್,” ಎಂದರು ಜಲಜಾಕ್ಷಮ್ಮ. “ಫೋಟೋ ಸೋಮಾರವೇ ಉಪ್ಪುಂದಕ್ಕ್ ಬಂದಿತ್ತ್. ಪ್ರಫುಲ್ಲಾ ತೋರ್ಸಿತ್ತ್.”

ಸೋಮವಾರ! ಗೋದಾವರಿ ಲೆಕ್ಕ ಹಾಕಲು ನೋಡಿದಳು. ಸೀರೆ, ಗಂಟು, ಪೇಂಟರು, ತಳಹಿಡಿದ ಸಾಂಬಾರು, ಎಲ್ಲ ಸೋಮವಾರದ ಈಚೆಯವು.

“ಕಡ್ದದ್ದ್ ಇರ್ಲಿ,” ಎಂದು ಜಲಜಾಕ್ಷಮ್ಮ ಬೋರ್ಡಿಗೆ ಬೆರಳು ತೋರಿಸಿದರು. “ಆ ಮರ ಟೊಳ್ಳ್ ಅಂದೇಳಿ ನಿಂಗ್ ಯಾರ್ ಹೇಳದ್ದ್? ಕಡ್ವ ಹೊತ್ತಿಗ್ ನೀ ಈ ಊರಿಗೇ ಬರ್ಲಿಲ್ಲೆ. ನಾ ಬಂದಿದ್ದೆ. ಹದಿನೆಂಟ್ ವರ್ಷ ನಂಗೆ. ಕಲ್ಲ್ ಇದ್ದಾಂಗ್ ಇದ್ದಿತ್ತ್ ಮರ. ದಾರಿಗೂ ಅಡ್ಡ ಇರ್ಲಿಲ್ಲೆ.”

“ಮತ್ತ ಕಡದದ್ದು ಯಾಕ್ರಿ ಅಮ್ಮಾರ?” ಜಿತೇಂದ್ರ ಹಿಂದಿನಿಂದ ಕೇಳಿದ. ಫೈಲು ತೆರೆದಿದ್ದ, ಪೆನ್ನು ಹೊರಗೆ ಬಂದಿತ್ತು.

ಜಲಜಾಕ್ಷಮ್ಮ ಅವನ ಕಡೆ ನೋಡಲಿಲ್ಲ. “ನಾನ್ ಅದ್ರ ಅಡಿಗ್ ಕೂಕಂತಿದ್ದೆ. ನನ್ನ ಅತ್ತಿಗ್ ಹೆದ್ರಿ. ಮನಿಯಗೆ ಕಣ್ಣೀರ್ ಹಾಕಿ ಮರ್ಕುಕ್ ಜಾಗ ಇರ್ಲಿಲ್ಲೆ, ಹಾಂಗಾಯಿ ಮರದ್ ಹಿಂದ್ ಹೋಯಿ ಕೂಕಂಡ್ ಮರ್ಕಿ ಬತ್ತಿದ್ದೆ. ನನ್ನ ಅತ್ತಿಗ್ ಗೊತ್ತಾಯ್ತ್. ಸೊಸಿ ಹೋಯಿ ಅಡಗಿ ಕೂಕಂಬುಕೆ ಒಂದ್ ಮರ ಎಂತಕೆ ಅಂದೇಳಿ ಜನ ಮಾಡ್ಸಿ ಕಡ್ಸಿತ್ತ್. ಗುಂಡಿಗ್ ಉರ್ಳ್ಸುದ್ ನಾನ್ ನಿಂತ್ಕಂಡ್ ಕಂಡಿದ್ದೆ.”

ಮೈಕು ಇನ್ನೂ ಅವರ ಬಾಯಿಯ ಮುಂದೆಯೇ ಇತ್ತು. ಪ್ರೇಮಾನಂದನಿಗೆ ಅದನ್ನು ತೆಗೆಯಬೇಕೋ ಬೇಡವೋ ತಿಳಿಯಲಿಲ್ಲ. ಸ್ಪೀಕರು ಅವರ ಮಾತನ್ನು ಗದ್ದೆಗಳಾಚೆಯ ಮನೆಗಳಿಗೂ ಹೊತ್ತುಕೊಂಡು ಹೋಗುತ್ತಿತ್ತು. ಶಾಮಿಯಾನದಲ್ಲಿದ್ದ ಹೆಂಗಸರು ಬಾಯಿಗೆ ಹಿಡಿದ ಸೆರಗನ್ನು ಕೆಳಗೆ ಬಿಟ್ಟರು.

“ನೀ ಎಲ್ಲ್ ಕೂಕಂಡ್ ಮರ್ಕುದ್?” ಎಂದು ಜಲಜಾಕ್ಷಮ್ಮ ಕೇಳಿದರು.

ಗೋದಾವರಿಗೆ ಸುಳ್ಳು ಹೇಳಲು ಆ ಹೊತ್ತಿಗೆ ಶಕ್ತಿ ಉಳಿದಿರಲಿಲ್ಲ. “ಅಕ್ಕಿ ಕೋಣಿಯಗೆ,” ಎಂದಳು. ಅದು ಸ್ಪೀಕರಿನಲ್ಲಿ ಬಂತು. ಅಕ್ಕಿ ಕೋಣಿಯಗೆ, ಎಂದು ಡೈರಿಯ ಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸಿತು.

“ಹೌದ್,” ಎಂದರು ಜಲಜಾಕ್ಷಮ್ಮ. “ಮೂವತ್ತ್ ವರ್ಷದಿಂದ ಕಣ್ಣಾರೆ ಕಾಂತಾ ಇದ್ದೆ. ಅದ್ಕೇ ಆ ಬದಿಗ್ ನಾನ್ ಬಪ್ದಿಲ್ಲೆ.”

ರಾಜೇಂದ್ರ ಕೆಮ್ಮಿದ. ಪ್ರೇಮಾನಂದ ಚಪ್ಪಾಳೆ ತಟ್ಟಲು ಒಂದು ಕೈ ಎತ್ತಿ, ಇನ್ನೊಂದರಲ್ಲಿ ಮೈಕು ಇದ್ದುದರಿಂದ ಹಾಗೆಯೇ ನಿಂತ. ಹಿಂದಿನ ಸಾಲಿನಿಂದ ಸರೋಜ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು, ಅವನ ಕೈಯಿಂದ ಮೈಕು ಕಿತ್ತುಕೊಂಡು ಅದರ ಗುಂಡಿ ಒತ್ತಿ ಆರಿಸಿದಳು.

ಆಮೇಲೆ ಅತ್ತೆ ಸೊಸೆ ಇಬ್ಬರೂ ಬೋರ್ಡಿನ ಕೆಳಗೆ ನಿಂತು ಸುಮಾರು ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ಅತ್ತಿಗುಂಡಿಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೋದಾವರಿಯನ್ನು ಕೇಳಿದರೆ ಅವಳು ಮಾಹಿತಿ ಕೊಡುವುದಿಲ್ಲ.